ಡಬ್ಬಿಯ ತಳದಲ್ಲಿ ಉಳಿದ ರಬ್ಬರು

ಮನೆಯಿಂದ
ಏಪ್ರಿಲ್ ೧೮, ಮಂಗಳವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಸಮುದ್ರದ ಓಲಾಟಕ್ಕೆ ಹೊಟ್ಟೆ ಈಗಲಾದರೂ ಒಗ್ಗಿತೋ, ಅಥವಾ ಉಂಡದ್ದೆಲ್ಲ ಇನ್ನೂ ಮೀನುಗಳ ಪಾಲೋ? ಹಡಗಿನ ಆ ಶೀತಲ ಕೋಣೆಗಳಿಗೆ ಹೋಗಿಬರುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳಿ, ಉದಾಸೀನ ಮಾಡಬೇಡಿ. ಇಷ್ಟು ವರ್ಷ ಬಿಸಿಲಲ್ಲಿ ಬೆವರು ಸುರಿಸಿ ಊರವರ ಕಾರು ತಂಪು ಮಾಡಿದವನು ಈಗ ತಂಪಿನೊಳಗೇ ಕೂತು ಬಿಸಿಲಿಗೆ ಹಂಬಲಿಸುತ್ತಿದ್ದೇನೆ ಎಂದು ಬರೆದಿದ್ದಿರಿ. ಅದನ್ನು ಓದಿ ಹೇಳಿದಾಗ ಅತ್ತೆ ‘ಅವನು ಚಿಕ್ಕಂದಿನಿಂದ ಹಾಗೇ, ಇದ್ದದ್ದು ಬೇಡ, ಇಲ್ಲದ್ದೇ ಬೇಕು’ ಎಂದು ನಕ್ಕರು. ಅವರು ನಕ್ಕದ್ದನ್ನು ನಿಮಗೆ ತಿಳಿಸಬೇಕು ಅನ್ನಿಸಿತು, ಅದಕ್ಕೇ ಬರೆದೆ.

ಇಲ್ಲಿ ಅತ್ತೆ ಚೆನ್ನಾಗಿದ್ದಾರೆ. ಗುಬ್ಬಿಯೂ ಚೆನ್ನಾಗಿದ್ದಾಳೆ. ಅವಳ ಮುಂದಿನ ಹಲ್ಲು ಅಲ್ಲಾಡುತ್ತಿದೆ, ದಿನಕ್ಕೆ ಹತ್ತು ಸಲ ಬಂದು ಬಾಯಿ ತೆರೆದು ತೋರಿಸುತ್ತಾಳೆ, ಅಪ್ಪ ಬರುವವರೆಗೂ ಬೀಳಬಾರದು ಎಂದು ಅದನ್ನು ನಾಲಿಗೆಯಿಂದಲೇ ಒತ್ತಿ ಹಿಡಿದುಕೊಂಡು ಓಡಾಡುತ್ತಾಳೆ. ಅತ್ತೆ ಚೆನ್ನಾಗಿದ್ದಾರೆ. ನೋಡಿ, ಎರಡು ಸಲ ಬರೆದುಬಿಟ್ಟೆ. ಹೊಡೆದುಹಾಕೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ನಿಮಗೆ ಆಗಲೇ ಅನುಮಾನ ಬಂದಿರುತ್ತದೆ. ಇಬ್ಬರೂ ಚೆನ್ನಾಗಿದ್ದಾರೆ ಎಂಬುದು ದೇವರಾಣೆಗೂ ನಿಜ, ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಮುಂದಿನದನ್ನು ಓದಿ. ಮುಂದಿನ ರೇವಿನಿಂದ ನೀವು ಫೋನ್ ಮಾಡಿದಾಗಲೇ ಹೇಳಬಹುದಿತ್ತು. ಆದರೆ ಫೋನ್ ಬಂದರೆ ಅತ್ತೆ ನನ್ನ ಭುಜಕ್ಕೆ ಭುಜ ತಾಗಿಸಿಕೊಂಡೇ ನಿಂತಿರುತ್ತಾರೆ. ಅವರೆದುರು ಇದನ್ನು ಹೇಳುವ ಧೈರ್ಯ ನನಗಿಲ್ಲ. ಕಣ್ಣಿಗೆ ಪೊರೆ ಬಂದಿರುವುದರಿಂದ ಕಾಗದವನ್ನು ಅವರು ಓದಲಾರರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಎಂಥ ಸೊಸೆ ನೋಡಿ.

ನಾಲ್ಕು ದಿನವಾಯಿತು, ಗ್ಯಾರೇಜಿನ ಬಾಗಿಲು ತೆಗೆದಿಲ್ಲ. ಗಿರಾಕಿಗಳು ಬಂದು ಶಟರ್ ಬಡಿದು ಹೋಗುತ್ತಾರೆ. ಈ ಬಿಸಿಲಿನಲ್ಲಿ ನಮಗೆ ಉಸಿರಾಡಲು ಪುರುಸೊತ್ತಿರಬಾರದು. ಆದರೆ ನಾನು ಅಡುಗೆಮನೆಯ ಕಿಟಕಿಯಿಂದ ಗ್ಯಾರೇಜಿನ ಗೋಡೆ ನೋಡುತ್ತ ಕೂತಿದ್ದೇನೆ. ಸ್ಪ್ಯಾನರ್ ಹಿಡಿಯುವುದಿರಲಿ, ಒಲೆಯ ಗುಂಡಿ ತಿರುಗಿಸಿದ ಮೇಲೂ ಮೂರು ಸಲ ಹೋಗಿ ನೋಡುತ್ತೇನೆ. ಭಯ, ರೀ. ಬೇರೆ ಹೆಸರಿಲ್ಲ ಅದಕ್ಕೆ.

ಟ್ಯಾಕ್ಸಿ ಓಡಿಸುವ ನಮ್ಮ ಆಮೆಯ ಬಿಳಿ ಕಾರು ನಿಮಗೆ ನೆನಪಿದೆಯಲ್ಲ? ಅರವತ್ತರ ಮೇಲೆ ಮುಳ್ಳು ಏರಿಸಿದವರಲ್ಲ ಎಂದು ಸ್ಟ್ಯಾಂಡಿನವರೆಲ್ಲ ಆಮೆ ಎಂದು ಕರೆಯುತ್ತಾರೆ, ಗುಬ್ಬಿಗೆ ಆಮೆ ಮಾಮ. ಅವರ ಕಾರಿನ ಏಸಿ ಬೆಳಿಗ್ಗೆ ತಣ್ಣಗೆ, ಮಧ್ಯಾಹ್ನಕ್ಕೆ ಬರೀ ಫ್ಯಾನು. ಎರಡು ಕಡೆ ತೋರಿಸಿದ್ದರಂತೆ. ಇಬ್ಬರೂ ಗ್ಯಾಸ್ ತುಂಬಿ ಕಳಿಸಿದ್ದಾರೆ, ಎರಡೂ ಸಲ ತಿಂಗಳೊಳಗೆ ಖಾಲಿ. ‘ತೂತಿರೋ ಕೊಡಕ್ಕೆ ನೀರು ಹುಯ್ದು ದುಡ್ಡು ತಗೊಂಡ್ರು ತಂಗಿ, ನೀನಾದ್ರೂ ತೂತು ಹುಡುಕು’ ಎಂದರು. ನಿಮಗೆ ಗೊತ್ತಿರುವ ಕೆಲಸವನ್ನೇ ನಿಮಗೆ ಹಂತಹಂತವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬರೆಯುತ್ತ ಹೋದರೆ ಎಲ್ಲಿ ಎಡವಿದೆ ಎಂದು ನನ್ನ ಕಣ್ಣಿಗೇ ಕಂಡೀತು.

ಮೊದಲು ಗೇಜು ಹಾಕಿದೆ. ಎರಡೂ ಕಡೆ ಒತ್ತಡ ಕಡಿಮೆ, ಅಂದರೆ ಗ್ಯಾಸ್ ಇಲ್ಲ, ಸರಿ. ಉಳಿದದ್ದನ್ನು ಯಂತ್ರಕ್ಕೆ ಎಳೆದುಕೊಂಡು, ನೈಟ್ರೋಜನ್ ತುಂಬಿಸಿ, ಎಂಜಿನ್ ಕಡೆಯ ಪೈಪು, ಜಾಯಿಂಟು, ಕಂಪ್ರೆಸರಿನ ಮೂತಿ, ಮುಂದಿನ ಜಾಲರಿ ಎಲ್ಲ ಕಡೆ ಸೋಪಿನ ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಆದರೆ ಗೇಜಿನ ಮುಳ್ಳು ಮಾತ್ರ ನಿಧಾನವಾಗಿ ಇಳಿಯುತ್ತಿತ್ತು. ಹೊರಗೆಲ್ಲೂ ಇಲ್ಲ ಎಂದರೆ ಒಳಗಿದೆ. ಕಾರಿನ ಕೆಳಗೆ ಮಲಗಿ, ನೀರು ತೊಟ್ಟಿಕ್ಕುವ ಸಣ್ಣ ಕೊಳವೆಯ ಬಾಯಿಗೆ ಸೋಪಿನ ನೀರು ಇಟ್ಟೆ. ಗುಳುಗುಳು ಎಂದಿತು. ಡ್ಯಾಶ್‌ಬೋರ್ಡಿನ ಹಿಂದೆ ಕೂತ ಕೂಲಿಂಗ್ ಕಾಯಿಲೇ ಕಳ್ಳ. ಇಬ್ಬರು ದೊಡ್ಡ ಮೆಕ್ಯಾನಿಕ್‌ಗಳಿಗೆ ಸಿಗದ್ದು ನನಗೆ ಅರ್ಧ ದಿನದಲ್ಲಿ ಸಿಕ್ಕಿತು ಎಂದು, ಸುಳ್ಳೇಕೆ ಹೇಳಲಿ, ಜಂಬದ ಕೋಳಿಯಾದೆ. ಆ ಜಂಬವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಬುಧವಾರ ಇಡೀ ದಿನ ಡ್ಯಾಶ್‌ಬೋರ್ಡು ಬಿಚ್ಚುವುದಕ್ಕೇ ಹೋಯಿತು. ನೀವು ಕಲಿಸಿದ ಹಾಗೆಯೇ ಮಾಡಿದೆ. ವಾಪಸ್ ಹೋಗುವ ಪ್ರತಿಯೊಂದು ಸ್ಕ್ರೂ, ಕ್ಲಿಪ್ಪು, ಬುಶ್ಶು ದೊಡ್ಡ ತಟ್ಟೆಗೆ. ಬಿಸಾಡುವಂಥದ್ದು ಹಳೇ ಸಾಮಾನಿನ ಚೀಲಕ್ಕೆ, ಗಿರಾಕಿಗೆ ಕೊಟ್ಟು ಕಳಿಸಲು. ‘ತಟ್ಟೆ ಖಾಲಿ ಆಗೋವರೆಗೂ ಕೀಲಿ ಕೈ ಬಿಡಬೇಡ, ಚೀಲ ಕೊಡದೆ ಗಿರಾಕೀನ ಬಿಡಬೇಡ’ ಎಂದು ನೀವು ಹೇಳುತ್ತಿದ್ದದ್ದು ನನಗೆ ಬಾಯಿಪಾಠ. ಊರಿನಲ್ಲಿ ಇನ್ನಾರೂ ಹಳೇ ಸಾಮಾನು ವಾಪಸ್ ಕೊಡುವುದಿಲ್ಲ, ನಾವು ಕೊಡುತ್ತೇವೆ, ಅದು ನಮ್ಮ ಮರ್ಯಾದೆ. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಲ್ಲಿ ಎರಡು ಪೈಪು ಹಾದುಬರುವ ಕಿಂಡಿ ಇದೆಯಲ್ಲ, ಅಂಗೈ ಅಗಲದ್ದು, ಅದರ ಸುತ್ತಲಿನ ಸ್ಪಂಜಿನಂಥ ರಬ್ಬರು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಅದನ್ನು ಚೀಲಕ್ಕೆ ಹಾಕಿದೆ. ಹೊಸ ಕಾಯಿಲಿನ ಜೊತೆ ಹೊಸ ರಬ್ಬರು ಬರುತ್ತದೆ, ಡಬ್ಬಿಯಿಂದ ತೆಗೆದು ಹಾಕಿದರಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಚೆನ್ನಾಗಿ ನೆನಪಿದೆ. ಹಾಕಿದ್ದು ಮಾತ್ರ ನೆನಪಿಲ್ಲ, ಯಾಕೆಂದರೆ ಹಾಕಲೇ ಇಲ್ಲ.

ಗುರುವಾರ ಹೊಸ ಕಾಯಿಲು ಕೂರಿಸುತ್ತಿದ್ದಾಗ ನಿಮ್ಮ ಫೋನ್ ಬಂತು. ನಾಲ್ಕು ನಿಮಿಷ ಮಾತಾಡಿದೆವು, ನಾನು ಈ ಕಾರಿನ ವಿಷಯವನ್ನೇ ಕೊಚ್ಚಿಕೊಂಡೆ, ನೀವು ‘ಭೇಷ್’ ಅಂದಿರಿ. ನಿಮ್ಮ ಮೇಲೆ ಹೊರಿಸುತ್ತಿಲ್ಲ, ಖಂಡಿತ ಇಲ್ಲ. ಫೋನ್ ಇಟ್ಟು ಬಂದು ಪೈಪು ಬಿಗಿದೆ, ಡ್ಯಾಶ್‌ಬೋರ್ಡು ಕೂರಿಸಿದೆ, ಸ್ಕ್ರೂಗಳನ್ನು ಒಂದೊಂದಾಗಿ ಹಾಕಿದೆ. ತಟ್ಟೆ ಖಾಲಿಯಾಯಿತು. ತಟ್ಟೆಯನ್ನು ಮಗುಚಿ ತಟ್ಟಿಯೂ ನೋಡಿದೆ. ರಬ್ಬರು ತಟ್ಟೆಯಲ್ಲಿ ಯಾವತ್ತೂ ಇರಲೇ ಇಲ್ಲವಲ್ಲ. ಹಳೆಯದು ಚೀಲದಲ್ಲಿ, ಹೊಸದು ಡಬ್ಬಿಯ ತಳದ ಮಡಿಕೆಯಲ್ಲಿ ಪಾರದರ್ಶಕ ಕವರಿನೊಳಗೆ ಅಂಟಿಕೊಂಡು. ನಮ್ಮ ಲೆಕ್ಕದ ಪ್ರಕಾರ ಎಲ್ಲ ಸರಿ. ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದೆ, ಮುಳ್ಳು ಅಲ್ಲಾಡಲಿಲ್ಲ. ಗ್ಯಾಸನ್ನು ತೂಕ ಮಾಡಿ ತುಂಬಿದೆ. ಗಾಳಿ ಬರುವ ಬಾಯಿಗೆ ಥರ್ಮಾಮೀಟರ್ ಇಟ್ಟರೆ ಆರು ಡಿಗ್ರಿ! ಆಮೆಯವರು ಕೈ ಚಾಚಿ ‘ಮಂಜು ಬೀಳ್ತಾ ಇದೆ ತಂಗಿ’ ಅಂದರು. ಸ್ಟಾರ್ಟ್ ಮಾಡಿದಾಗ ಎಂಜಿನ್ ಕಡೆಯಿಂದ ಸಣ್ಣಗೆ ಟಿಕ್ ಟಿಕ್ ಸದ್ದು ಕೇಳಿಸಿತ್ತು. ಹೊಗೆ ಪೈಪು ಎಂಜಿನ್ನಿಗೆ ಸೇರುವ ಜಾಗದಲ್ಲಿ ಸೋರಿಕೆ. ಅದನ್ನೂ ಹೇಳಿದೆ. ‘ನಾಳೆ ನಿಮ್ಮ ಅತ್ತೇನ ಕರ್ಕೊಂಡು ಹೋಗಿ ಬಂದ್ಮೇಲೆ ಮಾಡಿಸ್ತೀನಿ’ ಎಂದರು. ಅದು ಕಾರಿನ ಹೊರಗಿನ ಹೊಗೆ, ಹೊರಗೇ ಹೋಗುತ್ತದೆ, ಒಂದು ದಿನಕ್ಕೇನು ಎಂದು ನಾನೂ ಸುಮ್ಮನಾದೆ. ನಡುವೆ ಕಿಂಡಿ ತೆರೆದಿದೆ ಎಂದು ನನಗೇನು ಗೊತ್ತಿತ್ತು.

ಹೌದು. ಶುಕ್ರವಾರ ಆ ಕಾರಿನಲ್ಲಿ ಹೋದದ್ದು ಅತ್ತೆ ಮತ್ತು ಗುಬ್ಬಿ. ಪೊರೆ ತೆಗೆಯುವ ಮುಂಚೆ ಕಣ್ಣಿನ ಡಾಕ್ಟರು ಒಮ್ಮೆ ನೋಡಬೇಕು ಎಂದಿದ್ದರು, ಅಲ್ಲಿಗೆ ಮೂರು ಗಂಟೆಯ ದಾರಿ. ಆಮೆಯವರೇ ‘ನೀನು ಇಷ್ಟು ಚೆನ್ನಾಗಿ ಮಾಡ್ಕೊಟ್ಟಿದೀಯ, ಮೊದಲನೇ ಸವಾರಿ ನಿಮ್ಮತ್ತೇದೇ’ ಎಂದು ಒತ್ತಾಯ ಮಾಡಿದರು. ಗುಬ್ಬಿ ಅಜ್ಜಿಯ ಸೆರಗು ಬಿಡಲಿಲ್ಲ, ಶಾಲೆಗೆ ರಜೆ ಬೇರೆ. ನನಗೂ ಗರ್ವ. ನಾನು ತಂಪು ಮಾಡಿದ ಕಾರಿನಲ್ಲಿ ಅತ್ತೆ ಹೋಗಲಿ, ನೋಡಲಿ, ‘ಹೆಂಗಸು ಕೈಗೆ ಗ್ರೀಸ್ ಮೆತ್ಕೊಂಡು ಏನು ಮಹಾ ಮಾಡ್ತಾಳೆ’ ಎಂದು ಮೊದಲೆಲ್ಲ ಅಂದವರು ಒಂದು ಸಲ ಮಾಡಿದ್ದನ್ನು ಅನುಭವಿಸಲಿ.

ಹೊರಡುವಾಗ ಜಗಳ. ನಿಮ್ಮಮ್ಮನಿಗೆ ಕಾರು ಹತ್ತಿದ ಕೂಡಲೇ ಕಿಟಕಿ ಇಳಿಸಬೇಕು. ಏಸಿ ಇದ್ದರೂ ಒಂದು ಬೆರಳಷ್ಟಾದರೂ ಗಾಜು ತೆರೆದಿರಬೇಕು. ಇಪ್ಪತ್ತು ಸಲ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವತ್ತು ನಾನು ರೇಗಿಬಿಟ್ಟೆ. ‘ಎರಡು ದಿನ ಬೆನ್ನು ಮುರ್ಕೊಂಡು ಮಾಡಿದೀನಿ ಅತ್ತೆ, ಕಿಟಕಿ ತೆಗೆದ್ರೆ ಎಲ್ಲ ನೀರಲ್ಲಿ ಹೋಮ. ದಮ್ಮಯ್ಯ, ಇದೊಂದು ಸಲ ಮುಚ್ಚಿಟ್ಕೊಂಡು ಹೋಗಿ’ ಎಂದೆ. ಧೂಳಿಗೆ ಅವರಿಗೆ ಕೆಮ್ಮು ಬರುತ್ತದೆ ಎಂದು ಹೊರಗಿನ ಗಾಳಿ ಬಾರದ ಹಾಗೆ ಆ ಬಟನ್ನನ್ನೂ ನಾನೇ ಒತ್ತಿ ಕಳಿಸಿದೆ. ಅತ್ತೆ ಮುಖ ಊದಿಸಿಕೊಂಡು ಕೂತರು. ಗುಬ್ಬಿ ಹಿಂದಿನ ಗಾಜಿಗೆ ಮೂಗು ಒತ್ತಿ ಹಂದಿಮರಿಯ ಹಾಗೆ ಮಾಡಿ ತೋರಿಸಿದಳು. ಹತ್ತು ಗಂಟೆಗೆ ಹೊರಟರು.

ಹನ್ನೊಂದೂಕಾಲಿಗೆ ನಾನು ಗ್ಯಾರೇಜು ಗುಡಿಸಿ, ಖಾಲಿ ಡಬ್ಬಿಗಳನ್ನು ಗುಜರಿಯವರಿಗೆ ಹಾಕಲು ಚಪ್ಪಟೆ ಮಾಡುತ್ತಿದ್ದೆ. ಕಾಯಿಲಿನ ಡಬ್ಬಿಯನ್ನು ಕಾಲಲ್ಲಿ ಮೆಟ್ಟಿದೆ. ತಳದ ಮಡಿಕೆ ಬಿಚ್ಚಿ ಕವರು ಹೊರಗೆ ಬಿತ್ತು. ಕಪ್ಪು ರಬ್ಬರು, ಎರಡು ದುಂಡು ಕಿಂಡಿ. ಮೊದಲು ‘ಅರೆ, ಒಂದು ಜಾಸ್ತಿ ಬಂದಿದೆ’ ಎಂದುಕೊಂಡೆ. ಮನಸ್ಸು ಎಷ್ಟು ಕಳ್ಳ ನೋಡಿ, ಮೊದಲು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತದೆ. ಆಮೇಲೆ ತೆರೆದ ಕಿಂಡಿ, ಆ ಟಿಕ್ ಟಿಕ್, ಮುಚ್ಚಿದ ಗಾಜು, ನಾನೇ ಒತ್ತಿದ ಬಟನ್ನು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆ ಹೊಗೆಯೊಳಗಿನ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನಿದ್ದೆ ಬಂದ ಹಾಗೆ ಬಂದು ಕರೆದುಕೊಂಡು ಹೋಗುತ್ತದೆ ಎಂದು ನೀವೇ ಹೇಳಿದ್ದಿರಿ. ಗುಬ್ಬಿ ಕಾರು ಹತ್ತಿದ ಹತ್ತು ನಿಮಿಷಕ್ಕೆ ನಿದ್ದೆ ಮಾಡುವವಳು. ಅವಳು ನಿದ್ದೆ ಹೋದರೆ ಯಾರಿಗೆ ಅನುಮಾನ ಬರುತ್ತದೆ?

ಆಮೆಯವರಿಗೆ ಫೋನ್ ಮಾಡಿದೆ. ಗಾಡಿ ಓಡಿಸುವಾಗ ಅವರು ಫೋನ್ ಮುಟ್ಟುವುದಿಲ್ಲ, ಅದಕ್ಕಾಗಿಯೇ ಅವರನ್ನು ನಂಬಿ ಮಗುವನ್ನು ಕಳಿಸುವುದು. ಹನ್ನೆರಡು ಸಲ ಮಾಡಿದೆ, ಹನ್ನೆರಡು ಸಲವೂ ರಿಂಗಾಗಿ ನಿಂತಿತು. ಅತ್ತೆಯ ಫೋನು ಎಂದಿನಂತೆ ಬಂದ್, ಬ್ಯಾಟರಿ ಸವೆಯುತ್ತದಂತೆ. ರಬ್ಬರನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಟೈರ್ ಅಂಗಡಿಗೆ ಓಡಿದೆ. ಟೈರಣ್ಣ ಅರ್ಧ ಬಿಚ್ಚಿದ ಚಕ್ರವನ್ನು ಅಲ್ಲೇ ಬಿಟ್ಟು, ಯಾಕೆ ಏನು ಎಂದು ಒಂದು ಮಾತೂ ಕೇಳದೆ ಬೈಕು ತೆಗೆದರು. ಹತ್ತಿದ ಮೇಲೆ ಹೇಳಿದೆ. ಗಾಳಿಗೆ ಕೇಳಿಸಿತೋ ಇಲ್ಲವೋ, ಬೈಕು ಮಾತ್ರ ಇನ್ನೂ ಜೋರಾಯಿತು.

ಆ ನಲವತ್ತು ನಿಮಿಷವನ್ನು ನಾನು ಬರೆಯಲಾರೆ. ಎದುರಿಗೆ ಆಂಬುಲೆನ್ಸ್ ಬಂದರೆ ಅದರೊಳಗೆ ಅವರೇ ಇದ್ದಾರೆ ಅನ್ನಿಸುತ್ತಿತ್ತು. ರಸ್ತೆ ಬದಿ ನಾಲ್ಕು ಜನ ಗುಂಪು ಕೂಡಿದ್ದರೆ ಅಲ್ಲೇ ಕಾರು ಬಿದ್ದಿದೆ ಅನ್ನಿಸುತ್ತಿತ್ತು. ಪ್ರತಿ ಬಿಳಿ ಕಾರಿಗೂ ಟೈರಣ್ಣನ ಬೆನ್ನು ಗುದ್ದುತ್ತಿದ್ದೆ. ಅವರ ಬೆನ್ನು ಇನ್ನೂ ನೋಯುತ್ತಿದೆಯಂತೆ. ಆಮೆ ಆಮೆಯಾಗಿದ್ದದ್ದೇ ಪುಣ್ಯ, ಬೇರೆಯವರಾಗಿದ್ದರೆ ಅಷ್ಟರಲ್ಲಿ ನೂರೈವತ್ತು ಕಿಲೋಮೀಟರ್ ಹೋಗಿರುತ್ತಿದ್ದರು. ಎರಡನೆಯ ಸೇತುವೆ ದಾಟಿದ ಮೇಲೆ, ರಸ್ತೆಯ ಎಡಕ್ಕೆ ದೊಡ್ಡ ಮರದ ನೆರಳಿನಲ್ಲಿ ಕಾರು ನಿಂತಿತ್ತು. ನಿಂತಿದೆ ಎಂದು ನನಗೆ ಜೀವ ಬಂದ ಹಾಗಾಯಿತು. ಹತ್ತಿರ ಹೋದರೆ ಎಂಜಿನ್ ಓಡುತ್ತಿದೆ. ಟಿಕ್ ಟಿಕ್.

ತಲೆ ಭಾರವಾಗಿ ಕಣ್ಣು ಎಳೆಯುತ್ತಿದೆ ಎಂದು ಆಮೆಯವರು ಜವಾಬ್ದಾರಿಯಿಂದ ಗಾಡಿ ಬದಿಗೆ ಹಾಕಿದ್ದಾರೆ, ಹತ್ತು ನಿಮಿಷ ಕಣ್ಣು ಮುಚ್ಚೋಣ ಎಂದು. ಮುದುಕರಿಗೆ, ಮಗುವಿಗೆ ಸೆಕೆಯಾಗಬಾರದು ಎಂದು ಏಸಿ ಹಾಕಿಯೇ ಬಿಟ್ಟಿದ್ದಾರೆ. ನಾಲ್ಕೂ ಗಾಜು ಪೂರ್ತಿ ಮೇಲೆ. ಗಾಜಿಗೆ ಹಣೆ ಹಚ್ಚಿ ನೋಡಿದೆ. ಆಮೆಯವರ ತಲೆ ಸ್ಟೀರಿಂಗಿನ ಮೇಲೆ. ಹಿಂದೆ ಅತ್ತೆ ಬಾಯಿ ತೆರೆದು ಒರಗಿದ್ದಾರೆ, ಅವರ ತೊಡೆಯ ಮೇಲೆ ಗುಬ್ಬಿ. ಅವಳ ಕೆನ್ನೆ ಕೆಂಪಗೆ, ಎಣ್ಣೆಸ್ನಾನ ಮಾಡಿಸಿ ಮಲಗಿಸಿದ ಹಾಗೆ ಇತ್ತು. ಅಷ್ಟು ಚೆಂದಕ್ಕೆ ಯಾವತ್ತೂ ಮಲಗಿದ್ದಿಲ್ಲ ಅವಳು. ಬಡಿದೆ, ಕೂಗಿದೆ. ಬಾಗಿಲು ಲಾಕು. ಟೈರಣ್ಣ ಚಕ್ರ ಕಳಚುವ ಕಬ್ಬಿಣದ ಸರಳಿನಿಂದ ಮುಂದಿನ ಬಾಗಿಲಿನ ಗಾಜು ಒಡೆದರು, ನಾನು ಕೈ ಹಾಕಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ, ಬಾಗಿಲು ತೆಗೆದೆ. ಗುಬ್ಬಿಯನ್ನು ಎಳೆದು ಮರದ ಬುಡದಲ್ಲಿ ಮಲಗಿಸಿ ಕೆನ್ನೆಗೆ ಹೊಡೆದೆ. ರೀ, ನಾನು ಅವಳಿಗೆ ಜೋರಾಗಿಯೇ ಹೊಡೆದೆ. ಎಷ್ಟು ಹೊತ್ತು ಅವಳು ಕಣ್ಣು ತೆರೆಯಲಿಲ್ಲವೋ ನನಗೆ ಗೊತ್ತಿಲ್ಲ. ಟೈರಣ್ಣ ಒಂದು ನಿಮಿಷವೂ ಆಗಿರಲಿಲ್ಲ ಎನ್ನುತ್ತಾರೆ. ಆಮೇಲೆ ಅವಳು ವಾಂತಿ ಮಾಡಿಕೊಂಡಳು, ‘ಅಮ್ಮಾ ತಲೆ’ ಎಂದು ಅತ್ತಳು. ಮಗು ಅಳುವುದನ್ನು ಕೇಳಿ ಹಾಗೆ ಸಂತೋಷಪಟ್ಟ ತಾಯಿ ಇನ್ನೊಬ್ಬಳಿರಲಾರಳು.

ಹಿಂದಿನಿಂದ ಬಂದ ಲಾರಿಯವರು, ಬೇರೆ ಕಾರಿನವರು ಎಲ್ಲರೂ ಸೇರಿ ಆಸ್ಪತ್ರೆಗೆ ಸಾಗಿಸಿದರು. ಮೂವರಿಗೂ ಸಂಜೆಯವರೆಗೆ ಆಮ್ಲಜನಕ ಕೊಟ್ಟರು. ಡಾಕ್ಟರು ಹೊಗೆ ಹೇಗೆ ಬಂತು ಎಂದು ಕೇಳಿದಾಗ ನಾನು ಕೈಯಲ್ಲಿದ್ದ ರಬ್ಬರು ತೋರಿಸಿ ಎಲ್ಲ ಹೇಳಿದೆ, ಆಮೆಯವರು ಪಕ್ಕದ ಹಾಸಿಗೆಯಿಂದ ಕೇಳಿಸಿಕೊಂಡರು. ‘ಇನ್ನೊಂದು ಕಾಲು ಗಂಟೆ ತಡವಾಗಿದ್ರೆ ನಾನು ಏನೂ ಭರವಸೆ ಕೊಡ್ತಿರಲಿಲ್ಲ’ ಎಂದರು ಡಾಕ್ಟರು. ಕಾಲು ಗಂಟೆ! ಡಬ್ಬಿ ಮೆಟ್ಟುವ ಮೊದಲು ನಾನು ಕೂತು ಟೀ ಕುಡಿದಿದ್ದರೆ ಮುಗಿದೇ ಹೋಗುತ್ತಿತ್ತು. ಅತ್ತೆಗೆ ಪೂರ್ತಿ ಎಚ್ಚರವಾದಾಗ ನಾನು ಹತ್ತಿರ ಹೋದೆ. ಮುಖದ ಮುಚ್ಚಳ ಸರಿಸಿ ಅವರು ಹೇಳಿದ ಮೊದಲನೆಯ ಮಾತು ಏನು ಗೊತ್ತೇ? ‘ಕಿಟಕಿ ತೆಗೀಲೇ ಇಲ್ಲ ಕಣೇ. ನೀನು ಹೇಳಿದ ಹಾಗೇ ಮುಚ್ಚಿಟ್ಕೊಂಡಿದ್ದೆ.’ ಮದುವೆಯಾಗಿ ಒಂಬತ್ತು ವರ್ಷದಲ್ಲಿ ನನ್ನ ಒಂದು ಮಾತನ್ನೂ ಕೇಳಿದವರಲ್ಲ, ಅದೊಂದು ದಿನ ಕೇಳಿದರು. ಬೆರಳಷ್ಟು ತೆರೆದಿಟ್ಟುಕೊಂಡಿದ್ದರೂ ಸಾಕಿತ್ತು. ನನ್ನ ಮನಸ್ಸು ನೋಯಿಸಬಾರದು ಎಂದು ಮುಚ್ಚಿಕೊಂಡು ಕೂತಿದ್ದರಂತೆ. ನಾನು ಕಕ್ಕಸು ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಈಗ ನನ್ನ ಸಂಕಟ ಕೇಳಿ. ಹಾಳಾದ ಹೊಗೆ ಒಳಗೆ ಬಂತು, ಸೊಸೆ ಓಡಿ ಬಂದು ಬದುಕಿಸಿದಳು, ಇಷ್ಟೇ ಅತ್ತೆಗೆ ಗೊತ್ತಿರುವುದು. ಬೀದಿಗೆಲ್ಲ ಅದನ್ನೇ ಡಂಗುರ ಸಾರುತ್ತಿದ್ದಾರೆ. ‘ನನ್ನ ಸೊಸೆಗೆ ಕೂತಲ್ಲೇ ಗೊತ್ತಾಗೋಯ್ತು, ಬೈಕಲ್ಲಿ ಹಾರ್ಕೊಂಡು ಬಂದ್ಲು’ ಎಂದು ಹಾಲಿನವರಿಗೆ, ಪೇಪರಿನವರಿಗೆ, ಗೇಟಿನ ಹತ್ತಿರ ನಿಂತ ಎಲ್ಲರಿಗೂ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂದದ್ದು ಹೀಗೆ. ಅವರು ಹೊಗಳಿದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ. ಹೇಳಬೇಕು ಎಂದು ಬಾಯಿ ತೆರೆಯುತ್ತೇನೆ, ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಆಮೆಯವರಂತೂ ಬೈಯಲೂ ಇಲ್ಲ. ಅವತ್ತು ರಾತ್ರಿಯೇ ಒಡೆದ ಗಾಜಿನ ಕಾರನ್ನು ಎಳೆಸಿಕೊಂಡು ತಂದು ನಮ್ಮ ಗ್ಯಾರೇಜಿನೊಳಗೇ ನಿಲ್ಲಿಸಿ, ‘ನಿಧಾನಕ್ಕೆ ಮಾಡು ತಂಗಿ’ ಎಂದು ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ರಾತ್ರಿ ಗುಬ್ಬಿಯ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಉಸಿರು ತಾಗಿದರೂ ನಂಬಿಕೆಯಿಲ್ಲ, ಇನ್ನೊಮ್ಮೆ ನೋಡುತ್ತೇನೆ. ನಮ್ಮ ಕೈಯಿಂದ ಹೋದ ಕಾರುಗಳೆಲ್ಲ ನೆನಪಾಗುತ್ತವೆ. ಕಾಯಿಲು ಬದಲಿಸಿದ್ದ ಐದೂ ಕಾರಿನವರಿಗೆ ಫೋನ್ ಮಾಡಿ ಕರೆಸಿ, ಟೈರಣ್ಣನ ಅಂಗಡಿಯ ಮುಂದೆಯೇ ಬಗ್ಗಿ ಟಾರ್ಚು ಬಿಟ್ಟು ನೋಡಿದೆ. ಐದರಲ್ಲೂ ರಬ್ಬರು ಇದೆ. ಆದರೂ ಸಮಾಧಾನವಿಲ್ಲ. ಕೈಯ ಮೇಲೆ ನಂಬಿಕೆ ಹೋಯಿತು, ರೀ. ಕೈಕೆಲಸದವರಿಗೆ ಕೈಯೇ ಹೆದರಿಸಿದರೆ ಇನ್ನೇನು ಉಳಿಯಿತು? ಗ್ಯಾರೇಜನ್ನು ಯಾರಿಗಾದರೂ ವಹಿಸಿಕೊಟ್ಟು ನೀವು ಬರುವವರೆಗೆ ಸುಮ್ಮನಿದ್ದುಬಿಡಲೇ? ಅತ್ತೆಗೆ ನಿಜ ಹೇಳುವುದನ್ನೂ ನೀವೇ ಮಾಡುವಿರಾ? ನಿಮ್ಮಮ್ಮ, ನಿಮಗೆ ಹೇಳಲು ಬಂದೀತು. ಗುರುವಾರಕ್ಕೆ ಕಣ್ಣಿನ ಡಾಕ್ಟರು ಮತ್ತೆ ಬರಹೇಳಿದ್ದಾರೆ, ಇನ್ನು ಮುಂದೂಡಿದರೆ ಎಡಗಣ್ಣಿಗೆ ಅಪಾಯವಂತೆ. ಬಸ್ಸಿಗೆ ಟಿಕೆಟ್ ಮಾಡಿಸುತ್ತೇನೆ, ನಾನೇ ಜೊತೆಗೆ ಹೋಗುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಒದ್ದೆ ಕಾಲಿನಲ್ಲಿ ಯಂತ್ರದ ಹತ್ತಿರ ಹೋಗಬೇಡಿ. ನಿಮ್ಮ ಜೊತೆಗಾರರಿಗೆ ನನ್ನ ನಮಸ್ಕಾರ. ಗುಬ್ಬಿ ನಿಮಗೆ ಮುತ್ತು ಕಳಿಸಿದ್ದಾಳೆ, ಅಲ್ಲಾಡುವ ಹಲ್ಲಿನ ಚಿತ್ರ ಬಿಡಿಸಿ ಇದರೊಳಗೇ ಇಟ್ಟಿದ್ದಾಳೆ, ಆನೆಯ ದಂತ ಅಂದುಕೊಳ್ಳಬೇಡಿ. ಕೋಪ ಬಂದರೆ ಬೈದು ಬರೆಯಿರಿ, ಆದರೆ ಬೇಗ ಬರೆಯಿರಿ.

ನಿಮ್ಮನ್ನೇ ನೆನೆಯುತ್ತಿರುವ
ಇವಳು

ಮರೆತಿದ್ದು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅತ್ತೆ ಬಂದು ಕೂತು ‘ಅವನಿಗೆ ತಾನೇ ಬರೀತಿರೋದು? ನಾನು ಹೇಳಿದ್ದನ್ನೂ ಎರಡು ಸಾಲು ಬರಿ, ಬರೆದು ಓದಿ ಹೇಳು’ ಎಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ‘ಮಗಾ, ನಿನ್ನ ಹೆಂಡತಿ ನನ್ನನ್ನೂ ಮಗೂನೂ ಸಾಯಿಸಿಬಿಡ್ತಿದ್ಲು.’ ಇಲ್ಲಿಗೆ ನನ್ನ ಕೈ ನಿಂತಿತು. ‘ಬರಿಯೇ, ಯಾಕೆ ನಿಲ್ಲಿಸ್ದೆ? ಆಸ್ಪತ್ರೇಲಿ ಪಕ್ಕದ ಹಾಸಿಗೇಲಿ ಆ ಆಮೆಗೆ ಕೇಳಿಸಿದ್ದು ನನಗೆ ಕೇಳಿಸಲ್ವಾ? ಕಣ್ಣಿಗೆ ಪೊರೆ ಬಂದಿದೆ, ಕಿವಿಗಲ್ಲ. ಆಮೇಲೆ ಅವಳೇ ಓಡಿ ಬಂದು ಬದುಕಿಸಿದ್ಲು ಅಂತಾನೂ ಬರಿ. ಎರಡೂ ನಿಜ. ಒಂದನ್ನೇ ಬರೆದ್ರೆ ಸುಳ್ಳಾಗುತ್ತೆ. ಅವಳಾಗೇ ಬಂದು ಹೇಳ್ತಾಳೆ ಅಂತ ನಾಲ್ಕು ದಿನ ಕಾದೆ, ಬೀದಿಯವರ ಮುಂದೆಲ್ಲ ಹೊಗಳಿ ಕೆಣಕಿದೆ, ಬಾಯಿ ಬಿಡ್ಲಿಲ್ಲ. ಈಗ ಕೇಳು. ನಾನು ಬಸ್ಸಲ್ಲಿ ಹೋಗಲ್ಲ. ಗುರುವಾರ ಅದೇ ಕಾರಲ್ಲೇ ಹೋಗ್ತೀನಿ, ಇವಳೇ ರಿಪೇರಿ ಮಾಡಿ ಕೊಡ್ಬೇಕು, ಇವಳು ಜೊತೆಗೆ ಬರೋ ಹಾಗಿಲ್ಲ. ಮಾಡಲ್ಲ ಅಂದ್ರೆ ನಾನೂ ಹೋಗಲ್ಲ, ಕಣ್ಣು ಹೋದ್ರೆ ಹೋಗ್ಲಿ. ಮಗೂನ ಕಳಿಸೋದೂ ಬಿಡೋದೂ ಅವಳಿಗೆ ಬಿಟ್ಟಿದ್ದು, ಹೆತ್ತವಳು ಅವಳು. ಕಿಟಕಿ ಮಾತ್ರ ಮುಚ್ಕೊಂಡೇ ಹೋಗೋದು.’

ಇಷ್ಟು ಹೇಳಿ, ಓದಿಸಿ ಕೇಳಿಸಿಕೊಂಡು ಎದ್ದುಹೋದರು. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಗುರುವಾರ ಕಳೆದುಹೋಗಿರುತ್ತದೆ, ನಿಮ್ಮನ್ನು ಕೇಳಿ ಮಾಡುವ ಹಾಗೂ ಇಲ್ಲ. ಹೊಗೆ ಪೈಪಿನ ಜಾಯಿಂಟು ಮೊದಲು, ಆಮೇಲೆ ಡ್ಯಾಶ್‌ಬೋರ್ಡು. ಕೊನೆಗೆ ಒಡೆದ ಕಿಟಕಿಯ ಗಾಜು. ಇವತ್ತೇ ಹಿಡಿದರೆ ನಾಳೆ ಸಂಜೆಗೆ ಮುಗಿದೀತು. ಗುಬ್ಬಿಯ ವಿಷಯ ನನಗೆ ಇನ್ನೂ ತೋಚುತ್ತಿಲ್ಲ. ಹೊರಗೆ ದಡಬಡ ಸದ್ದು. ಅತ್ತೆ ಒಬ್ಬರೇ ಗ್ಯಾರೇಜಿನ ಶಟರ್ ಎತ್ತಲು ಹೊರಟಿದ್ದಾರೆ, ಅವರಿಂದ ಅದು ಆಗುವುದಿಲ್ಲ. ಹೋಗುತ್ತೇನೆ.